ಕೆಂಗಣ್ಣಿನ ಇರುವೆಹಕ್ಕಿಗಳು: ಒಂದಕ್ಕೆ ನೆಮ್ಮದಿ, ಇನ್ನೊಂದಕ್ಕೆ ಆತಂಕ



ಮೇಯುವ ದನದ ಕಾಲಬುಡದಲ್ಲಿ ಬೆಳ್ಳಕ್ಕಿ ಓಡಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ಬೇಕಾದದ್ದು ದನವಲ್ಲ, ಗೊರಸಿನ ಸದ್ದಿಗೆ ಬೆದರಿ ಏಳುವ ಹುಳು. ದಕ್ಷಿಣ ಅಮೆರಿಕದ ಕಾಡುಗಳಲ್ಲೂ ಇದೇ ಕಸುಬಿನ ಹಕ್ಕಿಗಳಿವೆ. ಅಲ್ಲಿ ದನದ ಬದಲು ಇರುವೆ. ದಂಡಿರುವೆಗಳು ತರಗೆಲೆಯ ಮೇಲೆ ದಂಡೆತ್ತಿ ಹೊರಟರೆ ಮಿಡತೆ, ಜಿರಲೆ, ಜೇಡಗಳು ಜೀವಭಯದಿಂದ ಹೊರಬೀಳುತ್ತವೆ. ಕಾದು ಕುಳಿತ ಹಕ್ಕಿಗೆ ಅದೇ ಊಟ. ಇರುವೆಹಕ್ಕಿ ಎಂಬ ಹೆಸರು ಬಂದದ್ದು ಹೀಗೆ. ಅದರ ಮುಖ್ಯ ಆಹಾರ ಇರುವೆಯಲ್ಲ.

ಬ್ರೆಜಿಲ್ ದೇಶದ ಪೂರ್ವ ಕರಾವಳಿಯ ಕಾಡಿನಲ್ಲಿ ಈ ಜಾತಿಯ ಎರಡು ದಾಯಾದಿಗಳಿವೆ. ಎರಡೂ ನಮ್ಮ ಪಿಕಳಾರಕ್ಕಿಂತ ತುಸು ಚಿಕ್ಕವು. ಗಂಡು ಕಡುಗಪ್ಪು, ಕಣ್ಣು ಕೆಂಡದಂತೆ ಕೆಂಪು, ಹೆಣ್ಣು ಕಂದು. ಪಿರಿಗ್ಲೆನಾ ಲ್ಯೂಕಾಪ್ಟೆರಾ ಎಂಬುದರ ಗಂಡಿಗೆ ಹೆಗಲ ಬಳಿ ಬಿಳಿ ಗುರುತು. ಪಿರಿಗ್ಲೆನಾ ಆಟ್ರಾದ ಗಂಡಿಗೆ ಬೆನ್ನಿನ ಕರಿಗರಿಗಳಿಗೆ ಬಿಳಿ ಅಂಚು. ರೂಪದಲ್ಲಿ ಅಂತರ ಇಷ್ಟೇ.

ಹಣೆಬರಹ ಮಾತ್ರ ಬೇರೆ. ಮೊದಲನೆಯದು ಬಾಹಿಯಾ ರಾಜ್ಯದಿಂದ ದಕ್ಷಿಣಕ್ಕೆ ಪರಾಗ್ವೆ, ಅರ್ಜೆಂಟೀನಾಗಳವರೆಗೆ ಹರಡಿದೆ. 19ನೇ ಶತಮಾನದಲ್ಲಿ ರಿಯೊ, ಸಾವೊ ಪಾಲೊ ಕಡೆಯ ಪರಾಯಿಬಾ ಕಣಿವೆಯ ಗುಡ್ಡಗಳನ್ನು ಕಾಫಿಗಾಗಿಯೇ ಬೋಳಿಸಿದರು. ಒಂದು ಕಡೆ ನೆಲೆ ಹೋದರೂ ಬೇರೆಡೆ ಉಳಿದದ್ದರಿಂದ ಈ ಹಕ್ಕಿಗೆ ಸದ್ಯ ಆತಂಕವಿಲ್ಲ. ಎರಡನೆಯದಕ್ಕೆ ಇರುವುದು ಉತ್ತರ ಬಾಹಿಯಾ ಹಾಗೂ ಪಕ್ಕದ ಸೆರ್ಜಿಪೆ ರಾಜ್ಯದ ಕರಾವಳಿಯ ಕಿರುಪಟ್ಟಿ ಮಾತ್ರ. ಅಲ್ಲಿ ಕಬ್ಬು, ಹುಲ್ಲುಗಾವಲು, ಪಟ್ಟಣಗಳು ಕಾಡನ್ನು ನುಂಗಿವೆ. ಮತ್ತೆ ಚಿಗುರಿದ ಕುರುಚಲಿನಲ್ಲೂ ಇದು ಬದುಕಬಲ್ಲದು. ಆದರೆ ಆ ಕುರುಚಲೂ ಚೂರುಚೂರಾಗಿದೆ. ಆದ್ದರಿಂದ ಅಳಿವಿನಂಚಿನ ಪಟ್ಟಿಗೆ ಸೇರಿದೆ.

ಚೂರು ಕಾಡು ಏಕೆ ಸಾಲದು? ಅಮೆಜಾನಿನ ಮನಾವುಸ್ ಬಳಿ 1979ರಲ್ಲಿ ಆರಂಭವಾದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿದೆ. 1 ಮತ್ತು 10 ಹೆಕ್ಟೇರಿನ ತುಂಡುಗಳಿಂದ, ಇರುವೆಯನ್ನೇ ನಂಬಿದ ಹಕ್ಕಿಗಳು ಬೇಗನೆ ಕಾಣೆಯಾದವು. ಒಂದು ದಂಡಿನ ತಿರುಗಾಟಕ್ಕೂ ಆ ಜಾಗ ಸಾಲದು.

10 ಹೆಕ್ಟೇರ್ ಎಂದರೆ ಸುಮಾರು 25 ಎಕರೆ. ಕಾಫಿ ಮಂಡಳಿಯ ಲೆಕ್ಕದಲ್ಲಿ ಅಷ್ಟರವರೆಗಿನವರೆಲ್ಲ ಸಣ್ಣ ಬೆಳೆಗಾರರು, ಅಂದರೆ ನಾವೇ. ನಮ್ಮಲ್ಲಿ ಇರುವೆಹಕ್ಕಿ ಇಲ್ಲ, ನಿಜ. ಆದರೆ ಪೊದೆ ಮತ್ತು ತರಗೆಲೆಯಲ್ಲಿ ಹುಳು ಹೆಕ್ಕುವ ಹಕ್ಕಿಗಳು ನಮ್ಮ ತೋಟಗಳಲ್ಲೂ ಇವೆ. ಒಬ್ಬರ ತೋಟ ಅವಕ್ಕೆ ಸಾಲದಿರಬಹುದು. ನೆರಳು ಮರ, ಹಳ್ಳದ ದಂಡೆಯ ಪೊದೆ, ಸೊಪ್ಪಿನ ಬೆಟ್ಟ ಇವು ನೆರೆಯವರದರೊಡನೆ ಕೂಡಿಕೊಂಡರೆ ಸಾಕಾದೀತು. ಮುಂದಿನ ಸಲ ಬೇಲಿಯಂಚು ಸವರುವ ಮೊದಲು ಪಕ್ಕದ ತೋಟದವರೊಡನೆ ಒಂದು ಮಾತಾಡಿ. ಇಬ್ಬರೂ ಒಂದೊಂದು ಪಟ್ಟಿ ಬಿಟ್ಟರೆ ಖರ್ಚೇನೂ ಇಲ್ಲ.