ಪ್ರಿಪರೇಟರಿಯಲ್ಲಿ ಅಂಕ ಕಡಿಮೆಯೇ? ಕಾಲೇಜು ಅರ್ಜಿಯ ಲೆಕ್ಕ ಹೀಗಿರಲಿ



ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಜನವರಿ, ಫೆಬ್ರವರಿ ತಿಂಗಳು ಆತಂಕದ ಕಾಲ. ಪೂರ್ವಸಿದ್ಧತಾ ಪರೀಕ್ಷೆಯ, ಅಂದರೆ ಪ್ರಿಪರೇಟರಿಯ ಅಂಕ ಕೈಗೆ ಬರುವುದೂ ಸಿಇಟಿ, ಕಾಮೆಡ್‌ಕೆ ಅರ್ಜಿಗಳು ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಮುಖ್ಯ ಪರೀಕ್ಷೆ ಇನ್ನೂ ಮುಂದಿದೆ. ಆದರೂ ಯಾವ ಕೋರ್ಸು, ಯಾವ ಅರ್ಜಿ ಎಂಬುದನ್ನು ಆಗಲೇ ಯೋಚಿಸಬೇಕು.

ಪ್ರಿಪರೇಟರಿ ಅಂಕ ಶೇ. 50ರಿಂದ 60ರ ಆಸುಪಾಸಿನಲ್ಲಿದ್ದರೆ ಮನೆಗಳಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಕೆಲವರು "ಮುಖ್ಯ ಪರೀಕ್ಷೆಯಲ್ಲಿ ಹೇಗೂ ಬರುತ್ತದೆ" ಎಂದು ನಾಲ್ಕೈದು ದೊಡ್ಡ ಕಾಲೇಜುಗಳನ್ನೇ ನಂಬಿ ಕೂರುತ್ತಾರೆ. ಜೂನ್, ಜುಲೈನಲ್ಲಿ ಸೀಟು ಸಿಗದಿದ್ದಾಗ ಗಾಬರಿಯಿಂದ ಸಿಕ್ಕ ಕಡೆ ಡೊನೇಷನ್ ಕಟ್ಟುತ್ತಾರೆ. ಇನ್ನು ಕೆಲವರು "ಇವನಿಗೆ ಓದು ಹತ್ತುವುದಿಲ್ಲ, ಅಂಗಡಿಗೆ ಬರಲಿ" ಎಂದು ಅರ್ಜಿಯನ್ನೇ ಹಾಕಿಸುವುದಿಲ್ಲ. ಮೊದಲನೆಯದರಲ್ಲಿ ಹಣ ಹೋಗುತ್ತದೆ, ಎರಡನೆಯದರಲ್ಲಿ ಮಗುವಿನ ಅವಕಾಶ ಹೋಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ನೋಡುವುದನ್ನೇ ನಮ್ಮ ಹಿರಿಯರು ಸಮ್ಯಕ್ ದರ್ಶನವೆಂದು ಹೇಳಿಕೊಟ್ಟಿದ್ದಾರೆ. ಅಂಕಪಟ್ಟಿಯನ್ನೂ ಹಾಗೆಯೇ ನೋಡಬೇಕು.

ಯಾವ ಅಂಕವನ್ನು ನಂಬಬೇಕು?

ಅರ್ಜಿಗೆ ಮೊದಲು ಒಂದು ಹಾಳೆಯಲ್ಲಿ ಮೂರು ಅಂಕ ಬರೆದುಕೊಳ್ಳಿ: ಪ್ರಿಪರೇಟರಿಯಲ್ಲಿ ಬಂದದ್ದು, ಆಯಾ ವಿಷಯದ ಉಪನ್ಯಾಸಕರು ಅಂದಾಜಿಸಿದ್ದು, ಮಗು ತಾನೇ ಹೇಳಿದ್ದು. ಮೂರೂ ಹತ್ತಿರವಿದ್ದರೆ ಅದನ್ನೇ ಆಧಾರವಾಗಿ ಹಿಡಿಯಬಹುದು. ತುಂಬ ಅಂತರವಿದ್ದರೆ ಕಡಿಮೆಯದನ್ನು ಹಿಡಿದು ಅರ್ಜಿ ಯೋಜಿಸಿ, ಹೆಚ್ಚಿನದಕ್ಕಾಗಿ ಓದಿಸಿ.

ವಿಜ್ಞಾನ ವಿಷಯಗಳಲ್ಲಿ ಲಿಖಿತಕ್ಕೆ 70, ಪ್ರಾಯೋಗಿಕಕ್ಕೆ 30 ಅಂಕ. ಪ್ರಾಯೋಗಿಕವಿಲ್ಲದ ವಿಷಯಗಳಲ್ಲಿ ಲಿಖಿತಕ್ಕೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಪ್ರಿಪರೇಟರಿ ಅಂಕ ಲಿಖಿತದ್ದು ಮಾತ್ರವೇ ಎಂದು ನೋಡಿಕೊಂಡು ಶೇಕಡಾ ಲೆಕ್ಕ ಹಾಕಬೇಕು. ಎಷ್ಟೋ ಮನೆಗಳಲ್ಲಿ 70ಕ್ಕೆ ಬಂದ ಅಂಕವನ್ನು 100ಕ್ಕೆ ಬಂದದ್ದೆಂದು ತಿಳಿದು ಮಗುವನ್ನು ಬೈಯುವುದುಂಟು.

ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷಾ ಅವಕಾಶಗಳಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಹೆಚ್ಚಿದ ಅಂಕವನ್ನು ಸಿಇಟಿ ರ್‍ಯಾಂಕಿಗೆ ಸೇರಿಸುವ ವಿಧಾನ ಮತ್ತು ಕೊನೆಯ ದಿನಾಂಕವನ್ನು ಆ ವರ್ಷದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಸಿಇಟಿ ರ್‍ಯಾಂಕಿನ ಲೆಕ್ಕ

ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದಿಂದ ಅರ್ಧ, ಸಿಇಟಿ ಅಂಕದಿಂದ ಅರ್ಧ ಸೇರುತ್ತದೆ. ಸಿಇಟಿಯಲ್ಲಿ ವಿಷಯಕ್ಕೆ 60ರಂತೆ ಈ ಮೂರಕ್ಕೆ ಒಟ್ಟು 180 ಅಂಕ.

ಒಬ್ಬ ವಿದ್ಯಾರ್ಥಿಗೆ ಮೂರು ವಿಷಯ ಸೇರಿ 300ಕ್ಕೆ 165 ಬರಬಹುದು ಎಂದುಕೊಳ್ಳೋಣ. ಅದು ಶೇ. 55, ಅದರ ಅರ್ಧ 27.5. ಸಿಇಟಿಯಲ್ಲಿ 180ಕ್ಕೆ 60 ಬಂದರೆ ಶೇ. 33.33, ಅದರ ಅರ್ಧ 16.67. ಒಟ್ಟು 44.17. ಈ ಮೊತ್ತವನ್ನು 5 ಅಂಶ ಮೇಲೆತ್ತಲು ಪಿಯುಸಿಯಲ್ಲಿ ಇನ್ನೂ 30 ಅಂಕ ಬೇಕು. ಸಿಇಟಿಯಲ್ಲಾದರೆ ಇನ್ನೂ 18 ಪ್ರಶ್ನೆ ಸರಿಯಾದರೆ ಸಾಕು. ಪ್ರಿಪರೇಟರಿಯಲ್ಲಿ ಹಿಂದೆ ಬಿದ್ದ ಮಗುವಿಗೂ ಪಿಯುಸಿ ಪರೀಕ್ಷೆ ಮುಗಿದ ಮೇಲಿನ ವಾರಗಳು ಎಷ್ಟು ಬೆಲೆಬಾಳುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಎಂಜಿನಿಯರಿಂಗ್ ಸೇರಲು ಈ ವಿಷಯಗಳಲ್ಲಿ ಒಟ್ಟು ಕನಿಷ್ಠ ಶೇ. 45, ಅಂದರೆ 300ಕ್ಕೆ 135 ಬೇಕು. ಮೀಸಲಾತಿ ವರ್ಗದವರಿಗೆ ಶೇ. 40, ಅಂದರೆ 120. ಅಂದಾಜು ಅಂಕ ಈ ಗಡಿಯ ಹತ್ತಿರವಿದ್ದರೆ ಮೊದಲ ಕೆಲಸ ಗಡಿ ದಾಟುವುದು. ಕಾಲೇಜಿನ ಹೆಸರು ಆಮೇಲಿನ ಮಾತು.

ಕಾಮೆಡ್‌ಕೆ ರ್‍ಯಾಂಕಿಗೆ ಪಿಯುಸಿ ಅಂಕ ಸೇರುವುದಿಲ್ಲ, ಪ್ರವೇಶ ಪರೀಕ್ಷೆಯ ಅಂಕವೇ ಆಧಾರ. ಬೋರ್ಡ್ ಪರೀಕ್ಷೆಯಲ್ಲಿ ನಿಧಾನ, ಬಹು ಆಯ್ಕೆ ಪ್ರಶ್ನೆಯಲ್ಲಿ ಚುರುಕು ಎನ್ನುವ ಮಕ್ಕಳಿಗೆ ಇದು ಪ್ರಯೋಜನವಾಗುತ್ತದೆ. ಆದರೆ ಅಲ್ಲಿನ ಶುಲ್ಕ ಸಿಇಟಿಯ ಸರ್ಕಾರಿ ಕೋಟಾ ಶುಲ್ಕಕ್ಕಿಂತ ಬಹಳ ಹೆಚ್ಚು.

ಪ್ರಮಾಣಪತ್ರ ಮೊದಲೇ ಸಿದ್ಧವಿರಲಿ

ಅಂಕ ಕಡಿಮೆ ಇರುವವರಿಗೆ ಒಂದು ಪ್ರಮಾಣಪತ್ರದ ಕೊರತೆಯೇ ಸೀಟು ತಪ್ಪಿಸಬಹುದು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. ಕೆನೆಪದರಕ್ಕೆ ಸೇರದ ಕುಟುಂಬಗಳು ನಾಡಕಚೇರಿಯಿಂದ ನಮೂನೆ 'ಎಫ್' ಜಾತಿ-ಆದಾಯ ಪ್ರಮಾಣಪತ್ರ ಪಡೆಯಬೇಕು. ಅದರ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ಕೇಳುತ್ತಾರೆ. ಮಗುವಿನ ದಾಖಲೆಯಲ್ಲಿ ಬರೀ 'ಜೈನ', ತಂದೆಯದರಲ್ಲಿ 'ದಿಗಂಬರ ಜೈನ' ಎಂದು ವ್ಯತ್ಯಾಸವಿದ್ದರೆ, ಹೆಸರಿನ ಅಕ್ಷರ ಬೇರೆಯಿದ್ದರೆ, ಕೊನೆಯ ವಾರದವರೆಗೆ ಕಾಯಬೇಡಿ.

ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದೆ. ಇದು ದಿಗಂಬರ, ಶ್ವೇತಾಂಬರ ಇಬ್ಬರಿಗೂ ಅನ್ವಯ. ಜೈನ ಅಲ್ಪಸಂಖ್ಯಾತ ಸಂಸ್ಥೆಯೆಂದು ಮಾನ್ಯತೆ ಪಡೆದ ಕಾಲೇಜುಗಳಲ್ಲಿನ ಸಮುದಾಯದ ಸೀಟುಗಳಿಗೆ ಧಾರ್ಮಿಕ ಅಲ್ಪಸಂಖ್ಯಾತ ಪ್ರಮಾಣಪತ್ರ ಬೇಕು. ಇದು ಬೇರೆ, 3ಬಿ ಬೇರೆ. ಎರಡಕ್ಕೂ ಅರ್ಹರಾದವರು ಎರಡನ್ನೂ ಮಾಡಿಸಿಡಲಿ.

1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ ಇದೆ. ಹಳ್ಳಿಗಳಲ್ಲಿರುವ ನಮ್ಮ ಕೃಷಿಕ ಕುಟುಂಬಗಳಿಗೆ ಇದು ಮುಖ್ಯ. ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ತಂದಿಡಿ. ಕಲ್ಯಾಣ ಕರ್ನಾಟಕದವರು 371(ಜೆ) ಪ್ರಮಾಣಪತ್ರವನ್ನು ಮರೆಯಬಾರದು.

ಮೂರು ಪಟ್ಟಿ ಮಾಡಿ

ಕೆಇಎ ಪ್ರತಿ ವರ್ಷ ಕಾಲೇಜುವಾರು, ಕೋರ್ಸುವಾರು ಕೊನೆಯ ರ್‍ಯಾಂಕ್, ಅಂದರೆ ಕಟ್-ಆಫ್ ಪ್ರಕಟಿಸುತ್ತದೆ. ಅದರಲ್ಲಿ ಜಿಎಂ ಎಂದರೆ ಸಾಮಾನ್ಯ ವರ್ಗ, 3ಬಿಜಿ ಎಂದರೆ 3ಬಿ ಸಾಮಾನ್ಯ, 3ಬಿಆರ್ ಎಂದರೆ 3ಬಿ ಗ್ರಾಮೀಣ, 3ಬಿಕೆ ಎಂದರೆ 3ಬಿ ಕನ್ನಡ ಮಾಧ್ಯಮ. ತಮ್ಮ ಮಗುವಿಗೆ ಅನ್ವಯಿಸುವ ಕಾಲಂ ಮಾತ್ರ ನೋಡಬೇಕು. ಸಾಧ್ಯವಾದರೆ ಎರಡು ವರ್ಷದ ಕಟ್-ಆಫ್ ನೋಡಿ, ಹೀಗೆ ವಿಂಗಡಿಸಿ:

ಮೊದಲನೆಯದು ಆಸೆಯ ಪಟ್ಟಿ. ಅಂದಾಜಿಗಿಂತ ಚೆನ್ನಾಗಿ ಬರೆದರೆ ಮಾತ್ರ ಸಿಗುವ ಸೀಟುಗಳು.

ಎರಡನೆಯದು ಹೊಂದುವ ಪಟ್ಟಿ. ಅಂದಾಜು ರ್‍ಯಾಂಕಿನ ಆಸುಪಾಸಿನಲ್ಲಿ ಹಿಂದಿನ ವರ್ಷ ಮುಗಿದ ಸೀಟುಗಳು. ಇದೇ ಉದ್ದವಾಗಿರಬೇಕು.

ಮೂರನೆಯದು ಭದ್ರ ಪಟ್ಟಿ. ಅಂದಾಜಿಗಿಂತ ಕಡಿಮೆ ಬಂದರೂ ಸಿಗುವ ಸೀಟುಗಳು.

ಭದ್ರ ಪಟ್ಟಿಯಲ್ಲಿ ಬರೆದದ್ದು ಮಗು ಒಪ್ಪಿ ಓದುವಂಥದ್ದಾಗಿರಬೇಕು. ಸಿಕ್ಕರೂ ಸೇರದ ಕೋರ್ಸನ್ನು ಪಟ್ಟಿಯಲ್ಲಿ ಹಾಕಬಾರದು. ಸಿಇಟಿ ಮೂಲಕ ಸಿಗುವ ಕೋರ್ಸುಗಳಲ್ಲಿ ಮೀನುಗಾರಿಕೆ ವಿಜ್ಞಾನವೂ ಇದೆ. ಅಹಿಂಸಾ ವ್ರತವಿರುವ ಮನೆಯವರು ಸಂಖ್ಯೆ ತುಂಬಿಸಲು ಅದನ್ನು ಬರೆದು, ಸೀಟು ಬಂದ ಮೇಲೆ ಬೇಡವೆಂದರೆ ಪಟ್ಟಿಯಲ್ಲಿ ಅದರ ಕೆಳಗಿದ್ದ ಆಯ್ಕೆಗಳು ಆ ಸುತ್ತಿನಲ್ಲಿ ಕೈತಪ್ಪಿರುತ್ತವೆ.

ಊಟ, ವಸತಿಯನ್ನೂ ಈಗಲೇ ವಿಚಾರಿಸಿ. ಸೂರ್ಯಾಸ್ತಕ್ಕೆ ಮೊದಲು ಊಟ ಮಾಡುವ, ಕಂದಮೂಲ ತಿನ್ನದ ಮಗುವಿಗೆ ಹತ್ತಿರದಲ್ಲಿ ಜೈನ ವಿದ್ಯಾರ್ಥಿ ನಿಲಯವಿದೆಯೇ, ಕಾಲೇಜು ಎಷ್ಟು ಗಂಟೆಗೆ ಬಿಡುತ್ತದೆ ಎಂದು ತಿಳಿದಿರಲಿ. ಆದರೆ ಮಗಳೆಂಬ ಕಾರಣಕ್ಕೆ ಹತ್ತಿರದ ಒಂದೇ ಕಾಲೇಜಿಗೆ ಕಟ್ಟಿಹಾಕುವುದು ಸರಿಯಲ್ಲ. ಮಗನಿಗೆ ಮಾಡುವ ಮೂರು ಪಟ್ಟಿಯನ್ನೇ ಅವಳಿಗೂ ಮಾಡಬೇಕು.

ಆಪ್ಷನ್ ಎಂಟ್ರಿಯಲ್ಲಿ ಎಚ್ಚರ

ಮೂರು ಪಟ್ಟಿಗಳನ್ನು ಇದೇ ಕ್ರಮದಲ್ಲಿ ಜೋಡಿಸಬೇಕು: ಆಸೆ ಮೇಲೆ, ಹೊಂದುವುದು ನಡುವೆ, ಭದ್ರ ಕೆಳಗೆ. ಮೇಲಿನಿಂದ ನೋಡುತ್ತ ರ್‍ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತಾರೆ. ಆದ್ದರಿಂದ ದೊಡ್ಡ ಕಾಲೇಜನ್ನು ಮೇಲೆ ಬರೆದರೆ ಸಣ್ಣದು ತಪ್ಪುತ್ತದೆ ಎಂಬ ಭಯ ಬೇಡ. ಭದ್ರವಾದದ್ದನ್ನು ಮೇಲೆ ಬರೆದರೆ ಮಾತ್ರ ಉತ್ತಮವಾದದ್ದು ತಪ್ಪುತ್ತದೆ. ಅಣಕು ಹಂಚಿಕೆಯ ಫಲಿತಾಂಶ ನೋಡಿ ಕ್ರಮ ಬದಲಾಯಿಸಲು ಅವಕಾಶವಿರುತ್ತದೆ, ಅದನ್ನು ಬಳಸಿಕೊಳ್ಳಿ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳಿರುತ್ತವೆ. ಚಾಯ್ಸ್-1: ಸೀಟು ಒಪ್ಪಿ ಸೇರುವುದು. ಚಾಯ್ಸ್-2: ಸೀಟು ಇಟ್ಟುಕೊಂಡು ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು. ಚಾಯ್ಸ್-3: ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಚಾಯ್ಸ್-4: ಪೂರ್ತಿ ಹೊರಬರುವುದು. ರ್‍ಯಾಂಕ್ ಹಿಂದಿರುವವರು ಚಾಯ್ಸ್-3 ಒತ್ತುವ ಮುನ್ನ ಒಂದು ದಿನವಾದರೂ ಯೋಚಿಸಲಿ. ಬಿಟ್ಟ ಸೀಟು ತಿರುಗಿ ಬರುತ್ತದೆ ಎಂಬ ಖಾತ್ರಿ ಇಲ್ಲ.

ನೀಟ್ ಬರೆಯುವವರಿಗೆ

ನೀಟ್‌ನಲ್ಲಿ ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟೈಲ್ ಅರ್ಹತೆ ಎಂದರೆ ಶೇ. 50 ಅಂಕ ಎಂದಲ್ಲ, ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮೇಲಿರುವುದು ಎಂದರ್ಥ. ಅರ್ಹತೆ ಬಂದ ಮಾತ್ರಕ್ಕೆ ಸರ್ಕಾರಿ ಎಂಬಿಬಿಎಸ್ ಸೀಟು ಸಿಗುವುದಿಲ್ಲ. ಪ್ರಿಪರೇಟರಿಯಲ್ಲೇ ಜೀವಶಾಸ್ತ್ರ, ಭೌತಶಾಸ್ತ್ರ ಕಷ್ಟವಾಗಿದ್ದರೆ ನೀಟ್ ಜೊತೆಗೆ ಸಿಇಟಿಗೂ ಅರ್ಜಿ ಹಾಕಿಸಿ. ಬಿ.ಫಾರ್ಮಾ, ಬಿ.ಎಸ್ಸಿ. ನರ್ಸಿಂಗ್, ಬಿ.ಎಸ್ಸಿ. ಕೃಷಿಯ ಬಾಗಿಲು ತೆರೆದಿರುತ್ತದೆ. ಆಯುರ್ವೇದಕ್ಕೂ ನೀಟ್ ಬೇಕು ಎಂಬುದು ನೆನಪಿರಲಿ. ಒಂದು ವರ್ಷ ನಿಂತು ಮತ್ತೆ ಬರೆಯುವುದು ಮಗುವಿನ ತೀರ್ಮಾನವಾಗಿರಬೇಕು, ನೆಂಟರ ಬಾಯಿಗೆ ಹೆದರಿ ತೆಗೆದುಕೊಳ್ಳುವ ತೀರ್ಮಾನವಲ್ಲ.

ಬೇರೆ ದಾರಿಗಳೂ ಇವೆ

ವಿಜ್ಞಾನ ಪಿಯುಸಿ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿ.ಇ. ಎರಡನೇ ವರ್ಷಕ್ಕೆ ಪ್ರವೇಶ. ದಾರಿ ಸುತ್ತು, ಸೇರುವ ಊರು ಒಂದೇ.

ವಾಣಿಜ್ಯದಲ್ಲಿ ಓದುವವರಿಗೆ ಬಿ.ಕಾಂ. ಜೊತೆ ಸಿ.ಎ. ಫೌಂಡೇಷನ್ ಇದೆ. ನಾಲ್ಕು ಪತ್ರಿಕೆ, ಪ್ರತಿಯೊಂದರಲ್ಲಿ ಕನಿಷ್ಠ ಶೇ. 40, ಒಟ್ಟಾರೆ ಶೇ. 50 ಬೇಕು. ಪಿಯುಸಿ ಅಂಕ ಕಡಿಮೆಯಾದದ್ದು ಇದಕ್ಕೆ ಅಡ್ಡಿಯಾಗದು, ಆದರೆ ಪರೀಕ್ಷೆ ಸುಲಭವೂ ಅಲ್ಲ. ಫೌಂಡೇಷನ್ ಆಗದಿದ್ದರೂ ಬಿ.ಕಾಂ.ನಲ್ಲಿ ಶೇ. 55 ಪಡೆದರೆ ಮುಂದೆ ಇಂಟರ್‌ಮೀಡಿಯೆಟ್‌ಗೆ ನೇರ ಪ್ರವೇಶವಿದೆ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ಕಾಲೇಜುಗಳಿಗೆ ಯುಯುಸಿಎಂಎಸ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಂಗಡಿಯಲ್ಲಿ ಕೂರುವ ಮಗನಿಗೂ ಮಗಳಿಗೂ ಇಂದು ಜಿಎಸ್‌ಟಿ, ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ ಗೊತ್ತಿರಬೇಕು. ಪದವಿ ಓದುತ್ತಲೇ ವ್ಯಾಪಾರ ಕಲಿಯುವುದು ಸೋಲಲ್ಲ.

ಹಣದ ವಿಚಾರ

"ಸೀಟು ಕೊಡಿಸುತ್ತೇವೆ" ಎನ್ನುವ ಏಜೆಂಟರು ಹುಡುಕುವುದು ಕಡಿಮೆ ಅಂಕದ ಮಕ್ಕಳ ಮನೆಯನ್ನೇ. ಸರ್ಕಾರಿ ಕೋಟಾ ಸೀಟನ್ನು ಕೆಇಎ ರ್‍ಯಾಂಕಿನ ಮೇಲೆ ಮಾತ್ರ ಕೊಡುತ್ತದೆ, ಯಾರೂ ಕೊಡಿಸಲಾರರು. ಕೆಇಎ ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಳ್ಳುವವರು ಕಾಲೇಜಿನಲ್ಲೇ ಹಣ ಕಟ್ಟಿ ರಸೀದಿ ಪಡೆಯಿರಿ, ನಾಲ್ಕೂ ವರ್ಷದ ಒಟ್ಟು ಖರ್ಚನ್ನು ಮೊದಲೇ ಕೂಡಿ ನೋಡಿ. ಸಿಇಟಿ, ನೀಟ್ ಮೂಲಕ ಆಯ್ಕೆಯಾದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆ ಇದೆ. ಮನೆ ಅಡ ಇಡುವ ಮೊದಲು ಜಿಲ್ಲಾ ಕಚೇರಿಯಲ್ಲಿ ಅದನ್ನು ವಿಚಾರಿಸಿ.

ಮಗುವಿನ ಮನಸ್ಸು

ಈ ಪಟ್ಟಿಯನ್ನು ತಂದೆ ತಾಯಿ ಬಾಗಿಲು ಹಾಕಿಕೊಂಡು ಮಾಡಬಾರದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೆನ್ನನ್ನು ಅದರ ಕೈಗೇ ಕೊಟ್ಟು ಬರೆಸಬೇಕು. ಬಸದಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲರ ಮುಂದೆ "ಎಷ್ಟು ಬಂತು?" ಎಂದು ಕೇಳುವ ರೂಢಿಯನ್ನು ಸಮಾಜದ ಹಿರಿಯರು ಬಿಡಬೇಕು. ಮಾತಿನಿಂದ ನೋಯಿಸುವುದೂ ಹಿಂಸೆಯೇ. ಮಗು ಊಟ ಬಿಟ್ಟರೆ, ನಿದ್ದೆ ಮಾಡದಿದ್ದರೆ, ಬದುಕು ಬೇಡವೆಂಬ ಮಾತಾಡಿದರೆ ಅರ್ಜಿಯ ಕೆಲಸ ಬದಿಗಿಟ್ಟು ಜೊತೆಗಿರಿ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೂ ಮಾತಾಡಬಹುದು.

ಅರ್ಜಿಯ ಕೊನೆಯ ದಿನಾಂಕ ಬರುವ ಮುನ್ನ ಒಂದು ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಮೂರು ಪಟ್ಟಿ ಬರೆಯಿರಿ. ಯಾವ ಅಂಕ ಬಂದರೂ ಮುಂದಿನ ಹೆಜ್ಜೆ ಯಾವುದೆಂದು ಗೊತ್ತಿರುವ ಮಗು ಪರೀಕ್ಷೆಯನ್ನೂ ಹೆದರದೆ ಬರೆಯುತ್ತದೆ.