ಸೇರಿದ್ದೆಲ್ಲ ಜೋಡಿಯಲ್ಲ
ಮೋಟಾರ್ ಸೈಕಲ್ಲಿಗೆ ತಕ್ಕ ಆಯಿಲ್ ಫಿಲ್ಟರನ್ನು ಆರಿಸುವ ಬಗೆ

‘ಫಿಲ್ಟರ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡನಾಡಿನ ಗೃಹಿಣಿಯ ಕಣ್ಣಮುಂದೆ ನಿಲ್ಲುವುದು ಕಾಫಿಯ ಡಿಕಾಕ್ಷನ್ ಇಳಿಸುವ ಜೋಡಿ ಪಾತ್ರೆ. ಮೇಲಿನ ಪಾತ್ರೆಯ ತಳದ ತೂತುಗಳು ತೀರ ದೊಡ್ಡವಾದರೆ ಪುಡಿಯೂ ಇಳಿದು ಲೋಟದ ತಳದಲ್ಲಿ ಗಸಿ ನಿಲ್ಲುತ್ತದೆ. ತೂತುಗಳು ಕಟ್ಟಿಕೊಂಡರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ಕಚೇರಿಗೆ ಹೊರಟವರು ಗಡಿಯಾರ ನೋಡುತ್ತ ಚಡಪಡಿಸಬೇಕಾಗುತ್ತದೆ. ಅದೇ ಮನೆಯ ಅಂಗಳದಲ್ಲಿ ನಿಂತ ಮೋಟಾರ್ ಸೈಕಲ್ಲಿನ ಹೊಟ್ಟೆಯೊಳಗೂ ಇಂತಹುದೇ ಒಂದು ಸಾಧನವಿರಬಹುದೆಂದೂ, ಅದು ಕೆಟ್ಟರೆ ಆಗುವ ನಷ್ಟ ಒಂದು ಹೊತ್ತಿನ ಕಾಫಿಗೆ ಮುಗಿಯುವುದಿಲ್ಲವೆಂದೂ ಬಹುಮಂದಿಗೆ ತಿಳಿದಿರುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲುಸಾಲಾಗಿರುವ ಬಿಡಿಭಾಗಗಳ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಇಂತಹ ಮಾತುಕತೆ ಕಿವಿಗೆ ಬೀಳುವುದು ಅಪರೂಪವಲ್ಲ.

“ಒಂದು ಆಯಿಲ್ ಫಿಲ್ಟರ್ ಕೊಡಿ.”

“ಯಾವ ಗಾಡಿಗೆ ಸಾರ್?”

“ಬುಲೆಟ್ಟಿಗೆ.”

“ಯಾವ ಇಸವಿ ಸಾರ್? ಹಳೇದೋ, ಹೊಸದೋ?”

ಕೊಳ್ಳಲು ಬಂದವರು ಅಲ್ಲಿ ತಡವರಿಸುತ್ತಾರೆ. ಕೊನೆಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದ, ಎಣ್ಣೆ ಜಿನುಗುವ ಫಿಲ್ಟರನ್ನು ಬಿಚ್ಚಿ ಮುಂದಿಡುತ್ತಾರೆ. “ಇದರ ಹಾಗೇ ಇರೋದು ಕೊಟ್ಟರೆ ಆಯಿತು.”

‘ಇದರ ಹಾಗೇ’ ಎಂಬ ಈ ಎರಡು ಮಾತುಗಳಲ್ಲಿಯೇ ತೊಂದರೆಯ ಬೀಜವಿದೆ. ಫಿಲ್ಟರುಗಳ ಲೋಕದಲ್ಲಿ ರೂಪಸಾಮ್ಯವು ಗುಣಸಾಮ್ಯಕ್ಕೆ ಸಾಕ್ಷಿಯಲ್ಲ. ಜಾಗದಲ್ಲಿ ಸರಿಯಾಗಿ ಕುಳಿತ ಮಾತ್ರಕ್ಕೆ ಅದು ಆ ಎಂಜಿನ್ನಿಗೆ ತಕ್ಕದ್ದೆಂದು ಹೇಳಲಾಗದು.

ಎಣ್ಣೆ ಮಾಡುವ ಕೆಲಸ

ಇಂದಿನ ಬಹುತೇಕ ಮೋಟಾರ್ ಸೈಕಲ್ಲುಗಳಲ್ಲಿ ಎಂಜಿನ್ನಿಗೂ ಗೇರುಗಳಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಕಾರಿನ ಎಂಜಿನ್ ಎಣ್ಣೆಗೆ ಇಷ್ಟು ಹೊರೆಯಿಲ್ಲ. ಅಲ್ಲಿ ಗೇರುಪೆಟ್ಟಿಗೆಗೆ ಸಾಮಾನ್ಯವಾಗಿ ಬೇರೆಯೇ ಎಣ್ಣೆ. ದ್ವಿಚಕ್ರಿಯ ಎಣ್ಣೆಯಲ್ಲಿ ಪಿಸ್ಟನ್ನು ಸವೆದ ಲೋಹದ ಪುಡಿ, ಇಂಧನ ಉರಿದ ಮಸಿ, ಗೇರಿನ ಹಲ್ಲುಗಳ ಚೂರು, ಕ್ಲಚ್ ಬಿಲ್ಲೆಗಳ ಧೂಳು ಎಲ್ಲವೂ ಬಂದು ಸೇರುತ್ತವೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎಪ್ಪತ್ತು. ಎಂಜಿನ್ನಿಗೆ ಕೇಡು ಮಾಡುವ ಕಣಗಳು ಇದಕ್ಕಿಂತ ಎಷ್ಟೋ ಚಿಕ್ಕವು. ಲೋಹದ ಎರಡು ಮೈಗಳು ಪರಸ್ಪರ ತಾಕದಂತೆ ಕಾಯುವ ಎಣ್ಣೆಯ ಪೊರೆ ಹಲವೆಡೆ ಕೆಲವೇ ಮೈಕ್ರಾನುಗಳಷ್ಟು ತೆಳು. ಆ ಪೊರೆಗಿಂತ ದಪ್ಪನೆಯ ಕಣವೊಂದು ನಡುವೆ ನುಸುಳಿದರೆ ಅದು ಉಪ್ಪುಕಾಗದದಂತೆ ಲೋಹವನ್ನು ಉಜ್ಜುತ್ತದೆ. ಉಜ್ಜಿದಾಗ ಉದುರಿದ ಪುಡಿ ಮತ್ತೆ ಎಣ್ಣೆಗೇ ಸೇರಿ ಇನ್ನಷ್ಟು ಉಜ್ಜಲು ಹೊರಡುತ್ತದೆ.

ಮೋಟಾರ್ ಸೈಕಲ್ಲಿನ ಆದಿಕಾಲದಲ್ಲಿ ಈ ಚಿಂತೆ ಇರಲಿಲ್ಲ. ಅಂದು ಸವಾರನು ಕೈಪಂಪನ್ನು ಒತ್ತಿ ಆಗಾಗ ಒಂದಿಷ್ಟು ಎಣ್ಣೆಯನ್ನು ಎಂಜಿನ್ನಿಗೆ ಕಳುಹುತ್ತಿದ್ದ. ಅದು ಉರಿದೋ ಸೋರಿಯೋ ಹೊರಟುಹೋಗುತ್ತಿತ್ತು. ಒಂದೇ ಎಣ್ಣೆಯನ್ನು ಸುತ್ತಿ ಸುತ್ತಿ ಬಳಸುವ ಏರ್ಪಾಡು ಬಂದಮೇಲೆ ಅದನ್ನು ಸೋಸುವ ಅಗತ್ಯ ತಲೆದೋರಿತು. ಮೋಟಾರು ಕಾರುಗಳಿಗಾಗಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ 1923ರಲ್ಲಿ ಒಂದು ಫಿಲ್ಟರನ್ನು ರೂಪಿಸಿದನು. ಅದಕ್ಕೆ ‘ಪ್ಯೂರೊಲೇಟರ್’ ಎಂದು ಹೆಸರಾಯಿತು. ‘ಪ್ಯೂರ್ ಆಯಿಲ್ ಲೇಟರ್’, ಅಂದರೆ ‘ಮುಂದೆ ಶುದ್ಧ ಎಣ್ಣೆ’ ಎಂಬ ಮೂರು ಮಾತುಗಳನ್ನು ಬೆಸೆದ ಹೆಸರು ಅದು. 1969ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಸಿಬಿ 750 ಮೋಟಾರ್ ಸೈಕಲ್ಲಿನಲ್ಲಿ ಫಿಲ್ಟರು ಎಂಜಿನ್ನಿನ ಮುಂಭಾಗದಲ್ಲಿಯೇ, ಎದ್ದು ಕಾಣುವಂತಹ ಗೂಡಿನೊಳಗೆ ಕುಳಿತಿತ್ತು.

ಮೊದಲ ಪ್ರಶ್ನೆ: ಫಿಲ್ಟರು ಉಂಟೆ?

ಅಂಗಡಿಗೆ ಹೊರಡುವ ಮುನ್ನ ಕೇಳಿಕೊಳ್ಳಬೇಕಾದುದು, ತನ್ನ ಗಾಡಿಯಲ್ಲಿ ಬದಲಾಯಿಸುವ ಫಿಲ್ಟರು ಇದೆಯೆ ಎಂಬುದನ್ನು. ಪ್ರಶ್ನೆ ವಿಚಿತ್ರವೆನಿಸಬಹುದು, ಆದರೆ ಅನಗತ್ಯವಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಗಾಡಿಗಳನ್ನು ಅನೇಕ ಮನೆಗಳಲ್ಲಿ ಇಂದಿಗೂ ಅಕ್ಕರೆಯಿಂದ ಉಳಿಸಿಕೊಂಡಿದ್ದಾರೆ. ಅವುಗಳ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ಪೆಟ್ರೋಲಿನೊಡನೆ ಬೆರೆತು ಉರಿದುಹೋಗುತ್ತದೆ; ಮರಳಿ ಬಾರದ ಎಣ್ಣೆಯನ್ನು ಸೋಸುವುದೇತಕ್ಕೆ? ಆದರೆ 2018ರಲ್ಲಿ ಅದೇ ಹೆಸರು ಹೊತ್ತು ಮರಳಿ ಬಂದ ಜಾವಾದ್ದು ಫೋರ್-ಸ್ಟ್ರೋಕ್ ಎಂಜಿನ್ನು. ಅದರ ಎಣ್ಣೆ ಸುತ್ತುತ್ತದೆ, ಅದನ್ನು ಸೋಸಲೇಬೇಕು. ತಂದೆಯ ಜಾವಾಕ್ಕೆ ಇಲ್ಲದ ಚಿಂತೆ ಮಗನ ಜಾವಾಕ್ಕೆ ಉಂಟು!

ಸ್ಪ್ಲೆಂಡರಿನಂತಹ 100 ಸಿ.ಸಿ. ಗಾಡಿಗಳ ಏರ್ಪಾಡು ಮತ್ತೊಂದು ಬಗೆಯದು. ಅಲ್ಲಿ ಒಂದು ತಂತಿ ಜಾಲರಿಯೂ, ಎಂಜಿನ್ನಿನೊಡನೆ ಗಿರ್ರನೆ ಸುತ್ತುವ ಒಂದು ಬಟ್ಟಲೂ ಇರುತ್ತವೆ. ಜಾತ್ರೆಯಲ್ಲಿ ಸುತ್ತುವ ಮರದ ಕುದುರೆಯ ಮೇಲೆ ಕುಳಿತ ಮಗು ಹೊರಕ್ಕೆ ವಾಲುವಂತೆ, ಎಣ್ಣೆಯೊಳಗಿನ ಭಾರದ ಕಣಗಳು ಬಟ್ಟಲಿನ ಅಂಚಿಗೆ ಎಸೆಯಲ್ಪಟ್ಟು ಅಲ್ಲಿಯೇ ಅಂಟಿಕೊಳ್ಳುತ್ತವೆ. ಇಲ್ಲಿ ಬದಲಾಯಿಸುವ ಕಾಗದದ ಫಿಲ್ಟರಿಲ್ಲ. ಕಾಲಕಾಲಕ್ಕೆ ಬಿಚ್ಚಿ ತೊಳೆಯಬೇಕಷ್ಟೆ.

ಉಳಿದವುಗಳಲ್ಲಿ ಎರಡು ಬಗೆ. ಮಡಿಕೆ ಮಡಿಕೆಯಾದ ಕಾಗದದ ಸುರುಳಿಯನ್ನು ಎಂಜಿನ್ನಿನ ಗೂಡಿನಲ್ಲಿಟ್ಟು ಮುಚ್ಚಳ ಹಾಕುವುದು ಒಂದು; ಕೆ.ಟಿ.ಎಂ. 390 ಡ್ಯೂಕ್‌ನಲ್ಲಿರುವುದು ಇದೇ. ಕಾಗದವನ್ನು ತಗಡಿನ ಡಬ್ಬಿಯೊಳಗೆ ಅಡಗಿಸಿ, ಇಡೀ ಡಬ್ಬಿಯನ್ನೇ ಎಂಜಿನ್ನಿಗೆ ತಿರುಗಿಸಿ ಕೂರಿಸುವುದು ಮತ್ತೊಂದು. ರಾಯಲ್ ಎನ್‌ಫೀಲ್ಡಿನ 650 ಸಿ.ಸಿ. ಗಾಡಿಗಳಲ್ಲಿ ಇದನ್ನು ಕಾಣಬಹುದು.

ಇನ್ನು ಬುಲೆಟ್ಟಿನ ಮಾತು. ಬೀಡುಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ಟಿಗೆ ಉಣ್ಣೆಯ ಫೆಲ್ಟಿನ ಫಿಲ್ಟರು ಇರುತ್ತಿತ್ತು. ಅನಂತರ ಎಂಜಿನ್ನೂ ಗೇರುಪೆಟ್ಟಿಗೆಯೂ ಒಂದಾದ ಬುಲೆಟ್ ಬಂತು. 2023ರಲ್ಲಿ ಮತ್ತೊಂದು ಹೊಸ ಎಂಜಿನ್ನಿನ ಬುಲೆಟ್ 350 ಬಂತು. ಹೆಸರು ಒಂದೇ, ಎಂಜಿನ್ನು ಮೂರು. ಅಂಗಡಿಯವರು “ಯಾವ ಇಸವಿ ಸಾರ್?” ಎಂದು ಕೇಳಿದ್ದು ಕಾಲಹರಣಕ್ಕಲ್ಲ.

ತಿರುಪಿನ ಮೋಸ

ತಗಡಿನ ಡಬ್ಬಿಯ ಫಿಲ್ಟರುಗಳ ಬಾಯಲ್ಲಿ ತಿರುಪಿನ ಸುರುಳಿ ಇರುತ್ತದೆ. ಗ್ಯಾರೇಜಿನವರು ಇದನ್ನು ಥ್ರೆಡ್ಡು ಎನ್ನುತ್ತಾರೆ. ಇದರಲ್ಲಿ ಎರಡು ಅಳತೆಗಳು ಹೆಚ್ಚು ಬಳಕೆಯಲ್ಲಿವೆ. ಒಂದರ ವ್ಯಾಸ 20 ಮಿಲಿಮೀಟರ್, ಸುರುಳಿಯಿಂದ ಸುರುಳಿಗೆ 1.5 ಮಿಲಿಮೀಟರ್. ಮತ್ತೊಂದರ ವ್ಯಾಸ ಮುಕ್ಕಾಲು ಅಂಗುಲ, ಎಂದರೆ 19.05 ಮಿಲಿಮೀಟರ್, ಅಂಗುಲಕ್ಕೆ 16 ಸುರುಳಿ. ಇವೆರಡರ ಅಂತರ ಒಂದು ಮಿಲಿಮೀಟರಿಗೂ ಕಡಿಮೆ. ಬರಿಗಣ್ಣಿಗೆ ಅದು ಕಾಣುವಂತಹುದಲ್ಲ.

ಮುಕ್ಕಾಲು ಅಂಗುಲದ ಸ್ಟಡ್ಡಿಗೆ 20 ಮಿಲಿಮೀಟರಿನ ಡಬ್ಬಿಯನ್ನು ಹಾಕಿದರೆ ಅದು ಸಲೀಸಾಗಿ ಏರುತ್ತದೆ, ಬಿಗಿಯಾದಂತೆಯೂ ತೋರುತ್ತದೆ. ಆದರೆ ಸುರುಳಿಗಳು ಒಂದನ್ನೊಂದು ಪೂರ್ತಿ ಹಿಡಿದಿರುವುದಿಲ್ಲ. ಗಾಡಿ ನಿಂತಿರುವಾಗ ಎಲ್ಲವೂ ಸರಿ. ಹೆದ್ದಾರಿಯಲ್ಲಿ ಎಣ್ಣೆಯ ಒತ್ತಡ ಏರಿದಾಗ, ಎಂಜಿನ್ನು ಅದುರಿದಾಗ, ಹಿಡಿತ ಸಡಿಲಬಹುದು. ಕಾರಿನಲ್ಲಾದರೆ ಸೋರಿದ ಎಣ್ಣೆ ಹೆಚ್ಚಾಗಿ ನೆಲದ ಪಾಲು. ಮೋಟಾರ್ ಸೈಕಲ್ಲಿನಲ್ಲಿ ಎಂಜಿನ್ನಿನ ಬೆನ್ನಿಗೇ ಹಿಂದಿನ ಚಕ್ರ. ಟಯರಿಗೆ ಎಣ್ಣೆ ತಗುಲಿದ ಗಾಡಿ ತಿರುವಿನಲ್ಲಿ ರಸ್ತೆಯನ್ನು ಹಿಡಿಯಲಾರದು. ಫಿಲ್ಟರಿನ ಆಯ್ಕೆ ಯಂತ್ರದ ಆಯುಷ್ಯಕ್ಕೆ ಮಾತ್ರವಲ್ಲ, ಕೆಲವೊಮ್ಮೆ ಸವಾರನ ಆಯುಷ್ಯಕ್ಕೂ ಸಂಬಂಧಿಸಿದ್ದು.

ಕಣ್ಣಿಗೆ ಕಾಣದ ಕವಾಟಗಳು

ತಿರುಪು ಸರಿಹೊಂದಿತೆಂದುಕೊಳ್ಳೋಣ. ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಡಬ್ಬಿಯ ಒಳಗೆ ಎರಡು ಕವಾಟಗಳಿರಬಹುದು. ಚಳಿಗಾಲದ ಮುಂಜಾನೆ ಎಣ್ಣೆ ಮಂದವಾಗಿರುತ್ತದೆ. ಹಳೆಯ ಫಿಲ್ಟರಿನಲ್ಲಿ ಕಾಗದವೂ ಕಟ್ಟಿಕೊಂಡಿರುತ್ತದೆ. ಆಗ ಎಣ್ಣೆ ಕಾಗದವನ್ನು ದಾಟಲಾರದೆ ಎಂಜಿನ್ನು ಒಣಗಬಾರದೆಂದು ಒಂದು ಕವಾಟ ತೆರೆದುಕೊಂಡು ಸೋಸದ ಎಣ್ಣೆಯನ್ನೇ ಒಳಗೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳಕು ಎಣ್ಣೆಯಾದರೂ ಮೇಲು ಎಂಬ ಲೆಕ್ಕ. ಈ ಬೈಪಾಸ್ ಕವಾಟ ಎಷ್ಟು ಒತ್ತಡಕ್ಕೆ ತೆರೆಯಬೇಕೆಂಬುದನ್ನು ಎಂಜಿನ್ನು ರೂಪಿಸಿದವರು ಗೊತ್ತುಮಾಡಿರುತ್ತಾರೆ. ಬೇಗ ತೆರೆದರೆ ಕೊಳಕು ಸದಾ ಒಳಗೆ ನುಗ್ಗುತ್ತದೆ. ತಡವಾಗಿ ತೆರೆದರೆ ಎಣ್ಣೆಗೆ ಕೊರತೆಯಾಗುತ್ತದೆ, ಇಲ್ಲವೆ ಕಾಗದವೇ ಹರಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಈ ಕವಾಟ ಎಂಜಿನ್ನಿನಲ್ಲಿಯೇ ಇರುವುದರಿಂದ ಅವುಗಳ ಫಿಲ್ಟರಿನಲ್ಲಿ ಅದು ಇರುವುದಿಲ್ಲ. ಅಂತಹ ಫಿಲ್ಟರನ್ನು ಕವಾಟ ಬೇಕಾದ ಎಂಜಿನ್ನಿಗೆ ತೊಡಿಸಿದರೆ ಗತಿಯೇನು?

ಎರಡನೆಯದು ರಬ್ಬರಿನ ಪಟ್ಟಿ. ಎಂಜಿನ್ನು ನಿಂತಮೇಲೆ ಡಬ್ಬಿಯೊಳಗಿನ ಎಣ್ಣೆ ಹಿಂದಕ್ಕೆ ಹರಿದುಹೋಗದಂತೆ ತಡೆಯುವುದು ಇದರ ಕೆಲಸ. ಫಿಲ್ಟರು ಅಡ್ಡಲಾಗಿ ಕುಳಿತ ಗಾಡಿಗಳಲ್ಲಿ ಇದು ಮುಖ್ಯ. ಇದಿಲ್ಲದಿದ್ದರೆ ಪ್ರತಿದಿನ ಬೆಳಗ್ಗೆ ಎಂಜಿನ್ನು ಕೆಲವು ಕ್ಷಣಗಳಾದರೂ ಎಣ್ಣೆ ಬರುವ ದಾರಿಯನ್ನೇ ನೋಡುತ್ತ ಓಡಬೇಕಾಗುತ್ತದೆ.

ಅಗ್ಗವೆಂದು, ದೊಡ್ಡದೆಂದು, ಕಾರಿನ ಫಿಲ್ಟರನ್ನು ಮೋಟಾರ್ ಸೈಕಲ್ಲಿಗೆ ತೊಡಿಸಿ ಬೀಗುವವರು ನೆನಪಿಡಬೇಕಾದುದು ಇದನ್ನೇ. ಹೊರಗಿನ ತಗಡು ಈ ಒಳಗುಟ್ಟುಗಳಲ್ಲಿ ಒಂದನ್ನೂ ಬಿಟ್ಟುಕೊಡುವುದಿಲ್ಲ.

ಕೊಳ್ಳುವಾಗ, ಕೂರಿಸುವಾಗ

ಹಾಗಾದರೆ ನಂಬಬೇಕಾದುದು ಏನನ್ನು? ಸಂಖ್ಯೆಯನ್ನು. ಗಾಡಿಯೊಡನೆ ಬಂದ ಕೈಪಿಡಿಯಲ್ಲಿಯೋ ಕಂಪನಿಯ ಬಿಡಿಭಾಗಗಳ ಪಟ್ಟಿಯಲ್ಲಿಯೋ ಫಿಲ್ಟರಿನ ಪಾರ್ಟ್ ನಂಬರು ಇರುತ್ತದೆ. ಮಾದರಿ, ತಯಾರಾದ ವರ್ಷ, ಎಂಜಿನ್ ಸಂಖ್ಯೆ ಇವನ್ನು ಹೇಳಿದರೆ ಅಧಿಕೃತ ಅಂಗಡಿಯವರೂ ಅದನ್ನು ಹುಡುಕಿಕೊಡಬಲ್ಲರು. ಬೇರೆ ಹೆಸರಾಂತ ತಯಾರಕರ ಫಿಲ್ಟರು ಕೊಳ್ಳಬಾರದೆಂದಲ್ಲ. ಆದರೆ ಅವರ ಪಟ್ಟಿಯಲ್ಲಿ ಆ ಗಾಡಿಯ ಹೆಸರೂ ವರ್ಷವೂ ಸ್ಪಷ್ಟವಾಗಿ ಇರಬೇಕು. ಹಳೆಯ ಫಿಲ್ಟರನ್ನು ಮಾದರಿಗೆಂದು ಒಯ್ಯುವವರು, ಹಿಂದಿನ ಸಲ ಹಾಕಿದ್ದೇ ತಪ್ಪು ಫಿಲ್ಟರಾಗಿದ್ದರೆ ಆ ತಪ್ಪನ್ನೇ ಮತ್ತೆ ಮನೆಗೆ ತರುತ್ತಾರೆ.

ನಕಲಿಯ ಹಾವಳಿಯೂ ಉಂಟು. ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ತಯಾರಕರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ಗರಿಷ್ಠ ಬೆಲೆ ಇವೆಲ್ಲ ಇರಬೇಕೆಂಬುದು 2011ರ ನಿಯಮ. ಇವಿಲ್ಲದ ಪೊಟ್ಟಣವನ್ನು ಹಿಂದಿರುಗಿಸುವುದು ಲೇಸು. ರಸೀತಿಯನ್ನು ಕೇಳಿ ಪಡೆಯುವುದು ಇನ್ನೂ ಲೇಸು.

ಸರಿಯಾದ ಫಿಲ್ಟರನ್ನು ತಂದು ತಪ್ಪಾಗಿ ಕೂರಿಸಿದರೂ ಕೇಡೇ. ಕಾಗದದ ಸುರುಳಿಗೆ ಒಳಮುಖ, ಹೊರಮುಖಗಳಿರಬಹುದು; ಕೆಲವು ಹೋಂಡಾ ಫಿಲ್ಟರುಗಳ ಮೇಲೆ ‘ಔಟ್‌ಸೈಡ್’ ಎಂದೇ ಅಚ್ಚಾಗಿರುತ್ತದೆ. ತಿರುಗುಮುರುಗಾಗಿ ಇಟ್ಟರೆ ಎಣ್ಣೆಯ ದಾರಿಯೇ ಮುಚ್ಚಿಹೋಗಬಹುದು. ಸ್ಪ್ರಿಂಗು, ರಬ್ಬರಿನ ಉಂಗುರಗಳು ಎಲ್ಲಿಂದ ಬಂದವೋ ಅಲ್ಲಿಗೇ ಹೋಗಬೇಕು. ಡಬ್ಬಿಯ ಫಿಲ್ಟರನ್ನು ಬಿಚ್ಚಿದಾಗ ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿಯುವುದುಂಟು; ಅದರ ಮೇಲೆ ಹೊಸ ಉಂಗುರ ಕೂತರೆ ಸೋರುವುದು ಖಂಡಿತ. ಹೊಸ ಉಂಗುರಕ್ಕೆ ಒಂದು ಬೆರಳು ಎಣ್ಣೆ ಸವರಿ, ಫಿಲ್ಟರಿನ ಮೇಲೆ ಅಚ್ಚಾದ ಸೂಚನೆಯಂತೆ ಬಿಗಿಗೊಳಿಸಬೇಕು. ಬಹುತೇಕ ಡಬ್ಬಿಗಳಿಗೆ, ಉಂಗುರ ತಾಕಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಸಾಕಾಗುತ್ತದೆ. ಅನಂತರ ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಸೋರಿಕೆಯುಂಟೆ ಎಂದು ನೋಡಿ, ಎಣ್ಣೆಯ ಮಟ್ಟವನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಹೊಸ ಫಿಲ್ಟರು ತನ್ನ ಪಾಲಿನ ಎಣ್ಣೆಯನ್ನು ಹೀರಿಕೊಂಡಿರುತ್ತದೆ.

ಇಡೀ ಎಂಜಿನ್ನಿನ ಬೆಲೆಯ ಮುಂದೆ ಫಿಲ್ಟರಿನ ಬೆಲೆ ಅತ್ಯಲ್ಪ. ಹತ್ತಿಪ್ಪತ್ತು ರೂಪಾಯಿ ಉಳಿಸಲು ‘ಇದರ ಹಾಗೇ ಇರೋದನ್ನು’ ತಂದವರಿಗೆ ಎಂಜಿನ್ನು ಅಂದೇ ಏನನ್ನೂ ಹೇಳುವುದಿಲ್ಲ. ಅದು ಮೌನವಾಗಿ ಸವೆಯುತ್ತ, ಸಾವಿರಾರು ಮೈಲಿಗಳ ಆಚೆ ಲೆಕ್ಕವೊಪ್ಪಿಸುತ್ತದೆ. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಆದ್ದರಿಂದ ಮುಂದಿನ ಸಲ ಅಂಗಡಿಯವರು “ಯಾವ ಇಸವಿ ಸಾರ್?” ಎಂದು ಕೇಳಿದಾಗ ಎಣ್ಣೆ ಜಿನುಗುವ ಪೊಟ್ಟಣವನ್ನು ಮುಂದಿಡಬೇಕಾಗಿಲ್ಲ, ಪಾರ್ಟ್ ನಂಬರು ಬರೆದ ಒಂದು ಸಣ್ಣ ಚೀಟಿ ಜೇಬಿನಲ್ಲಿದ್ದರೆ ಸಾಕು. ಕಾಫಿಪುಡಿಯನ್ನು ಯಾವ ಅಂಗಡಿಯಲ್ಲಿ, ಯಾವ ಹದದಲ್ಲಿ ಪುಡಿಮಾಡಿಸಬೇಕೆಂದು ಅಷ್ಟು ಖಚಿತವಾಗಿ ಬಲ್ಲ ಮನೆಗಳಿಗೆ ಇದು ಕಷ್ಟವಾದ ಕೆಲಸವೇನಲ್ಲ.