ಪೀಠೋಪಕರಣ ಸಹಿತ ಮನೆ, ಕೆಲವು ತಿಂಗಳ ಬಾಡಿಗೆ: ಲಾಭದ ಲೆಕ್ಕ

ಹೊಸ ಯಂತ್ರ ಜೋಡಿಸಲು ಬರುವ ತಂತ್ರಜ್ಞ, ತರಬೇತಿಗೆಂದು ನಿಯೋಜಿತನಾದ ಮೇಲ್ವಿಚಾರಕ, ತಾತ್ಕಾಲಿಕ ಕರ್ತವ್ಯದ ಮೇಲೆ ಬರುವ ದಾದಿ: ಇವರಿಗೆ ಬೇಕಾದುದು ಮೂರರಿಂದ ಆರು ತಿಂಗಳ ವಸತಿ. ಅಷ್ಟು ದಿನ ಲಾಡ್ಜ್‌ನಲ್ಲಿ ತಂಗುವುದು ದುಬಾರಿ. ದೊಡ್ಡ ಮುಂಗಡ ಕೊಟ್ಟು, ಪಾತ್ರೆ ಮಂಚಗಳನ್ನು ಕೊಂಡು ಖಾಲಿ ಮನೆ ಹಿಡಿಯುವುದೂ ಆಗದ ಮಾತು. ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ ಕೈಗಾರಿಕಾ ಪ್ರದೇಶಗಳಿಂದ ತುಸು ದೂರದಲ್ಲಿರುವ ಮಾಕಳಿದುರ್ಗದಂತಹ ಊರುಗಳಲ್ಲಿ ಮನೆಯುಳ್ಳ ನಮ್ಮ ಸದಸ್ಯರು ಈ ಬೇಡಿಕೆಯನ್ನು ಪರಿಶೀಲಿಸಬಹುದು. ಆದರೆ ಹಣ ಹೂಡುವ ಮೊದಲು ಲೆಕ್ಕ ಹಾಕುವುದು ಅವಶ್ಯ.

ಅಮೆರಿಕದ ಅನುಭವ

ಅಮೆರಿಕದಲ್ಲಿ ಆಸ್ಪತ್ರೆಗಳು ಸಿಬ್ಬಂದಿ ಕೊರತೆ ನೀಗಿಸಲು, ಸಾಮಾನ್ಯವಾಗಿ 13 ವಾರಗಳ ಒಪ್ಪಂದದ ಮೇಲೆ ಊರಿಂದೂರಿಗೆ ಹೋಗುವ ದಾದಿಯರನ್ನು ನೇಮಿಸಿಕೊಳ್ಳುತ್ತವೆ. ಅವರಿಗಾಗಿ ಸಜ್ಜುಗೊಳಿಸಿದ ಮನೆಗಳನ್ನು ಬಾಡಿಗೆಗೆ ಕೊಡುವುದು ಅಲ್ಲಿ ಒಂದು ಉದ್ಯಮವೇ ಆಗಿದೆ. ಕೋವಿಡ್ ಕಾಲದಲ್ಲಿ, ಅಂದರೆ 2020 ಮತ್ತು 2021ರಲ್ಲಿ, ಈ ಬೇಡಿಕೆ ಬಹಳ ಏರಿತು, ನಂತರ ಇಳಿಯಿತು. ಒಂದೇ ವರ್ಗದ ಬಾಡಿಗೆದಾರರನ್ನು ನಂಬಿದರೆ ಮನೆ ಖಾಲಿ ಬೀಳುವ ಅಪಾಯವಿದೆ ಎಂಬುದು ಇದರ ಪಾಠ.

ಎಷ್ಟು ತಿಂಗಳು ತುಂಬಬೇಕು?

ಒಂದು ಕಲ್ಪಿತ ಉದಾಹರಣೆ ನೋಡೋಣ. ಖಾಲಿ ಮನೆಗೆ ತಿಂಗಳಿಗೆ 9,000 ರೂ. ಬಂದರೆ ವರ್ಷಕ್ಕೆ 1,08,000 ರೂ. ಅದೇ ಮನೆಗೆ 1,80,000 ರೂ. ವೆಚ್ಚದಲ್ಲಿ ಮಂಚ, ಬೀರು, ಗ್ಯಾಸ್ ಒಲೆ, ಫ್ರಿಜ್ ಮುಂತಾದವನ್ನು ಒದಗಿಸಿ 16,000 ರೂ. ಬಾಡಿಗೆ ಪಡೆದೆವೆನ್ನಿ. ವಸ್ತುಗಳು 6 ವರ್ಷ ಬಾಳಿದರೆ ಸವಕಳಿ ವರ್ಷಕ್ಕೆ 30,000 ರೂ.; ವಿದ್ಯುತ್, ನೀರು, ಸ್ವಚ್ಛತೆಗೆ ವಾಸವಿರುವ ತಿಂಗಳಿಗೆ 1,500 ರೂ. ಮನೆ 8 ತಿಂಗಳು ತುಂಬಿದರೆ ಉಳಿಯುವುದು 86,000 ರೂ. ಮಾತ್ರ, ಖಾಲಿ ಮನೆಯ ಬಾಡಿಗೆಗಿಂತ ಕಡಿಮೆ. 10 ತಿಂಗಳು ತುಂಬಿದರೆ 1,15,000 ರೂ. ಆದ್ದರಿಂದ ಹೆಚ್ಚಿನ ಬಾಡಿಗೆಗಿಂತಲೂ ಖಾಲಿ ಬೀಳದಿರುವುದೇ ಲಾಭದ ಮೂಲ. ಎರಡು ಮೂರು ಕಾರ್ಖಾನೆಗಳೊಡನೆ ಮೊದಲೇ ಮಾತನಾಡಿ, ನಂತರ ಮಂಚ ಖರೀದಿಸುವುದು ಲೇಸು. ರಾತ್ರಿ ಪಾಳಿಯವರ ಓಡಾಟಕ್ಕೆ ಕಾರ್ಖಾನೆಯ ವಾಹನ ಊರಿನವರೆಗೆ ಬರುವುದೇ ಎಂಬುದನ್ನೂ ವಿಚಾರಿಸಬೇಕು. ರೈಲು ನಿಲ್ದಾಣ ಇದೆಯೆಂಬುದಷ್ಟೇ ಸಾಲದು.

ತೆರಿಗೆಯ ವಿಚಾರ

ಜಿಎಸ್‌ಟಿ ಕುರಿತು ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಸೇವೆಗಳಿಗೆ 20 ಲಕ್ಷ ರೂ. ವಾರ್ಷಿಕ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲವಾದರೂ, ವ್ಯಾಪಾರಕ್ಕಾಗಿ ಈಗಾಗಲೇ ನೋಂದಣಿ ಪಡೆದ ಸದಸ್ಯರು ಅದೇ ಪ್ಯಾನ್‌ನಡಿ ವಸತಿ ಸೇವೆ ನೀಡಿದರೆ ಈ ಮಿತಿಯ ರಕ್ಷಣೆ ದೊರೆಯದು. ಎರಡನೆಯದಾಗಿ, 2024ರ ಜುಲೈ 15ರಿಂದ, ತಲಾ ತಿಂಗಳಿಗೆ 20,000 ರೂ. ಮೀರದ ಮತ್ತು ಕನಿಷ್ಠ 90 ದಿನ ನಿರಂತರವಾಗಿ ನೀಡುವ ವಸತಿ ಸೇವೆಗೆ ವಿನಾಯಿತಿ ಇದೆ. ಮೂರು ತಿಂಗಳಿಗೆಂದು ಬಂದವರು ಎರಡೇ ತಿಂಗಳಿಗೆ ಹೊರಟರೆ ಈ ಷರತ್ತು ಈಡೇರುವುದಿಲ್ಲ. ಮೂರನೆಯದಾಗಿ, ನೋಂದಾಯಿತ ಕಂಪನಿಯೇ ವಾಸದ ಮನೆಯನ್ನು ಬಾಡಿಗೆಗೆ ಪಡೆದರೆ, 2022ರ ಜುಲೈ 18ರಿಂದ ಜಾರಿಯಲ್ಲಿರುವ ನಿಯಮದಂತೆ ತೆರಿಗೆಯನ್ನು ಆ ಕಂಪನಿಯೇ ಪಾವತಿಸಬೇಕು. ಕರಾರು ಯಾರ ಹೆಸರಿನಲ್ಲಿ ಎಂಬುದನ್ನು ಇದಕ್ಕಾಗಿಯೇ ಮೊದಲು ನಿರ್ಧರಿಸಬೇಕು.

ಆದಾಯ ತೆರಿಗೆಯಲ್ಲಿ ಮನೆ ಬಾಡಿಗೆಗೆ ಶೇ. 30ರ ಕಡಿತ ಉಂಟು. ಆದರೆ ಮನೆ ಮತ್ತು ಪೀಠೋಪಕರಣಗಳ ಬಾಡಿಗೆ ಬೇರ್ಪಡಿಸಲಾಗದಂತೆ ಒಂದಾಗಿದ್ದರೆ ಆ ಕಡಿತ ಲಭಿಸದು. ವಾಸ್ತವ ವೆಚ್ಚ ಮತ್ತು ಸವಕಳಿಯನ್ನು ತೋರಿಸಬೇಕಾಗುತ್ತದೆ. ಯಾವುದು ಅನುಕೂಲವೆಂದು ಕರಾರಿಗೆ ಮುನ್ನವೇ ಲೆಕ್ಕ ಪರಿಶೋಧಕರನ್ನು ಕೇಳುವುದು ಒಳಿತು.

ಕರಾರಿನಲ್ಲಿ ಇರಬೇಕಾದುದು

ವಸ್ತುಗಳ ಪಟ್ಟಿಗೆ ಇಬ್ಬರ ಸಹಿ, ವಿದ್ಯುತ್ ಬಳಕೆಯ ಮಿತಿ, ಅವಧಿಗೆ ಮೊದಲೇ ತೆರವು ಮಾಡಿದರೆ ಕೊಡಬೇಕಾದ ಮೊತ್ತ, ಮುಂಗಡ ಹಿಂದಿರುಗಿಸುವ ದಿನ: ಈ ನಾಲ್ಕು ಸ್ಪಷ್ಟವಾಗಿರಲಿ. ಹತ್ತು ತಿಂಗಳ ಮುಂಗಡವನ್ನು ಇಂತಹ ಬಾಡಿಗೆದಾರರಿಂದ ನಿರೀಕ್ಷಿಸಲಾಗದು. ಒಂದೆರಡು ತಿಂಗಳದ್ದೇ ಸೂಕ್ತ. ಬಾಡಿಗೆದಾರರ ಗುರುತಿನ ದಾಖಲೆ ಪಡೆಯಬೇಕು. ವಿದೇಶಿ ತಂತ್ರಜ್ಞರಾದರೆ ಅವರು ಬಂದ 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ಮಾಹಿತಿ ಸಲ್ಲಿಸುವುದು ಮನೆಯ ಮಾಲೀಕರ ಹೊಣೆ.

ಮೊದಲು ಒಂದು ಮನೆಯನ್ನಷ್ಟೇ ಸಜ್ಜುಗೊಳಿಸಿ, ಒಂದು ವರ್ಷದಲ್ಲಿ ಎಷ್ಟು ತಿಂಗಳು ತುಂಬಿತೆಂದು ಬರೆದಿಡಿ. ಎರಡನೆಯ ಮನೆಗೆ ಹಣ ಹೂಡಬೇಕೇ ಬೇಡವೇ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.